ಬರೋ ಮರಿಗೆ ಜಾಗ

ಮೈಲಾರಪ್ಪನವರ ಅಂಗಡಿಗೆ ಹೋಗಿ ಕಂಪ್ಯೂಟರಿಗೆ ಎಸ್‌ಎಸ್‌ಡಿ, ಅಂದರೆ ಈಗಿನ ವೇಗದ ಡಿಸ್ಕು, ಹಾಕಿಕೊಡಿ ಎಂದರೆ ಮೊದಲು ಸಿಗುತ್ತಿದ್ದದ್ದು ಕಂಬಳಿ. ನಾಲ್ಕು ಮಡಿಕೆ ಮಾಡಿದ ಕರಿ ಕಂಬಳಿ ಹಾಸಿದ ಸ್ಟೂಲೊಂದನ್ನು ಕಾಲಿನಿಂದ ಮುಂದೆ ತಳ್ಳಿ, "ಕುಂತ್ಕಳ್ರಿ, ಎಣಿಸಾಣ" ಎನ್ನುತ್ತಿದ್ದರು. ಎಷ್ಟು ಜಿಬಿಯದು ಹಾಕುವುದೆಂದು ಆ ಎಣಿಕೆ ಮುಗಿಯುವವರೆಗೆ ಬಾಯಿ ಬಿಡುತ್ತಿರಲಿಲ್ಲ. ಅವಸರದ ಗಿರಾಕಿಗಳು ಗೊಣಗುತ್ತಾ ಚಿತ್ರದುರ್ಗದ ಬಸ್ಸು ಹತ್ತುತ್ತಿದ್ದರು. ಇವರು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಹೊಳಲ್ಕೆರೆಯ ಬಸ್ ನಿಲ್ದಾಣದ ಹಿಂದೆ ಅಂಗಡಿ ಇಟ್ಟ ಹೊಸತರಲ್ಲಿ ಅವರು ಬಿಚ್ಚಿದ ಕಂಪ್ಯೂಟರುಗಳನ್ನೆಲ್ಲ ಆ ಕಂಬಳಿಯ ಮೇಲೇ ಮಲಗಿಸುತ್ತಿದ್ದರಂತೆ. ತಾಳ್ಯದ ಹತ್ತಿರದ ಕುರಿ ಸಾಕುವ ಮನೆಯಲ್ಲಿ ಹುಟ್ಟಿದವರು. ಕಂಬಳಿಗಿಂತ ಒಳ್ಳೆಯ ಹಾಸು ಉಂಟೆಂದು ಅವರಿಗೆ ತೋಚಲೇ ಇಲ್ಲ. ಎರಡು ಮೆಮೊರಿ ಚಿಪ್ಪುಗಳು ಕಾರಣವಿಲ್ಲದೆ ಸತ್ತ ಮೇಲೆ, ಉಣ್ಣೆ ಉಜ್ಜಿದರೆ ಹುಟ್ಟುವ ಕರೆಂಟು ಚಿಪ್ಪನ್ನು ಸುಡುತ್ತದೆಂದು ಯಾರೋ ತಿಳಿಸಿದರು. ಮೇಜಿಗೆ ರಬ್ಬರ್ ಹಾಸು ಬಂತು, ಕಂಬಳಿ ಗಿರಾಕಿಯ ಕೆಳಗೆ ಹೋಯಿತು. ಈ ಕಥೆಯನ್ನು ಅವರೇ ನಗುತ್ತಾ ಹೇಳಿಕೊಳ್ಳುತ್ತಿದ್ದರು.

ಅದೇ ಬೀದಿಯಲ್ಲಿ ನನ್ನದೊಂದು ಟೈಪಿಂಗ್ ಅಂಗಡಿ. ಲಗ್ನಪತ್ರಿಕೆ, ಅರ್ಜಿ, ಶಾಲೆಗಳ ಪ್ರಶ್ನೆಪತ್ರಿಕೆ. ನನ್ನ ಕಂಪ್ಯೂಟರು ಎಷ್ಟು ಮುದಿಯಾಗಿತ್ತೆಂದರೆ, ಬೆಳಿಗ್ಗೆ ಗುಂಡಿ ಒತ್ತಿ ಚಹಾ ಕುಡಿದು ಬಂದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು. ಆಗ ನನಗೆ ಐವತ್ತಮೂರು. ಮಣಿಕಟ್ಟಿನ ನೋವು ಬೇರೆ. ಜನ ಪತ್ರಿಕೆಗಳನ್ನು ಮೊಬೈಲಿನಲ್ಲೇ ಮಾಡಿಕೊಳ್ಳತೊಡಗಿದ್ದರು. ಎರಡು ವರ್ಷ ತಳ್ಳಿ ಅಂಗಡಿ ಮುಚ್ಚುವುದೆಂದು ಯಾರಿಗೂ ಹೇಳದೆ ತೀರ್ಮಾನಿಸಿದ್ದೆ. ಹಾಗಾಗಿ ಎಲ್ಲಕ್ಕಿಂತ ಚಿಕ್ಕದು, ನೂರಿಪ್ಪತ್ತೆಂಟು ಜಿಬಿಯದ್ದೇ ಸಾಕೆಂದು ಅವರಿಗೆ ಹೇಳಿದೆ.

ಸ್ಟೂಲು ಮುಂದೆ ಬಂತು. ಅವರ ಲೆಕ್ಕ ಹೀಗಿತ್ತು: ವಿಂಡೋಸು, ಸಾಫ್ಟ್‌ವೇರು ಇಷ್ಟು, ಈಗಿರುವ ಕೆಲಸ ಇಷ್ಟು, ವರ್ಷಕ್ಕೆ ಹೊಸದಾಗಿ ಸೇರುವುದು ಇಷ್ಟು.

"ಇವತ್ತಿನ ಕುರಿ ಎಣಿಸಿ ರೊಪ್ಪ ಕಟ್ಟಬಾರ್ದು ಅಕ್ಕಾರೆ. ಬರೋ ಮರಿಗೆ ಜಾಗ ಬಿಡ್ಬೇಕು. ಅದರ ಮೇಲೂ ಕಾಲು ಭಾಗ ಖಾಲಿ ಇರ್ಬೇಕು, ಇಲ್ಲಾಂದ್ರೆ ಒಳಗಿರೋವು ತಿರುಗಾಡಾಕೆ ಆಗ್ದೆ ಡಿಸ್ಕು ನಿಧಾನ ಆಗತೈತೆ."

ಹಾಗೆಂದು ದೊಡ್ಡದನ್ನು ಅಂಟಿಸಿ ಕಳಿಸುವವರಲ್ಲ. ಎರಡು ಟಿಬಿ ಬೇಕೇ ಬೇಕೆಂದು ಹೊಸದುರ್ಗದಿಂದ ಬಂದ ವ್ಯಾಪಾರಿಯೊಬ್ಬರನ್ನು ಮಧ್ಯಾಹ್ನದವರೆಗೆ ಕಂಬಳಿಯ ಮೇಲೆ ಕೂರಿಸಿ, ಒಂದೇ ಮದುವೆಯ ವಿಡಿಯೊ ಆರು ಕಡೆ ಇರುವುದನ್ನು ತೋರಿಸಿ, ಇನ್ನೂರೈವತ್ತಾರರದ್ದು ಹಾಕಿ ಕಳಿಸಿದ್ದರು.

ನನ್ನದನ್ನು ಎಣಿಸುತ್ತಾ ಹೋದವರಿಗೆ 'ಆಮೇಲೆ' ಎಂಬ ಹೆಸರಿನ ಫೋಲ್ಡರು ಸಿಕ್ಕಿತು. ಅದರಲ್ಲಿ ಒಂಬತ್ತು ದನಿಗಳಿದ್ದವು. ಅರ್ಜಿ ಬರೆಸಲು ಬಂದ ಹಿರಿಯರು ಮಾತಿಗೆ ಕೂತರೆ ತಮ್ಮೂರಿನ ಹಳೆಯ ಸಂಗತಿಗಳನ್ನೆಲ್ಲ ತೆಗೆಯುತ್ತಿದ್ದರು. ಕೆಲವನ್ನು ಒಪ್ಪಿಗೆ ಕೇಳಿ ಮೊಬೈಲಿನಲ್ಲಿ ಹಿಡಿದಿಟ್ಟಿದ್ದೆ. ಎಂದಾದರೂ ಪುಸ್ತಕ ಮಾಡುವ ಆಸೆ. ಮೈಲಾರಪ್ಪನವರು ಒಂದನ್ನು ಪೂರ್ತಿ ಕೇಳಿದರು. ಮುನ್ನೂರು ಕುರಿಗಳಲ್ಲಿ ತನ್ನದನ್ನು ಕಿವಿ ನೋಡಿ ಹೇಗೆ ಗುರುತಿಸುತ್ತೇನೆಂದು ಒಬ್ಬ ಅಜ್ಜ ವಿವರಿಸಿದ್ದು. ಕೇಳಿ ಮುಗಿಸಿ, ಇಂಥವು ವರ್ಷಕ್ಕೆ ಎಷ್ಟಾಗುತ್ತವೆ ಎಂದರು. ಎರಡು ವರ್ಷದಿಂದ ಒಂದೂ ಇಲ್ಲ, ಅಂಗಡಿಯನ್ನೇ ಮುಚ್ಚುತ್ತಿದ್ದೇನೆ ಎಂದುಬಿಟ್ಟೆ. ಬೇರೆಯವರೆದುರು ಅದನ್ನು ಹೇಳಿದ್ದು ಅದೇ ಮೊದಲು.

ಅವರು ಸ್ಕ್ರೂಡ್ರೈವರ್ ಕೆಳಗಿಟ್ಟು ಆದಿವಾಲದ ನಿವೃತ್ತ ಮೇಷ್ಟ್ರೊಬ್ಬರ ವಿಷಯ ಹೇಳಿದರು. ಮೇಷ್ಟ್ರಿಗೆ ಎಪ್ಪತ್ತಾಗಿತ್ತು, ಕಂಪ್ಯೂಟರಿನಲ್ಲಿ ಏನೂ ಇರಲಿಲ್ಲ, ಚಿಕ್ಕದೇ ಸಾಕೆಂದು ಇವರೇ ನಿರ್ಧರಿಸಿ ಹಾಕಿದ್ದರು. ವರ್ಷವಾಗುವುದರೊಳಗೆ ಅದು ತುಂಬಿ ನಿಂತುಹೋಯಿತು. ಮೇಷ್ಟ್ರು ಕ್ಯಾಮೆರಾ ಕೊಂಡು ಮಾರಿಕಣಿವೆಯ ಹಿನ್ನೀರಿನ ಹಕ್ಕಿಗಳ ಬೆನ್ನು ಹತ್ತಿದ್ದರು. ಇವರು ಹಿರಿಯೂರಿನ ಬಸ್ಸು ಹಿಡಿದು ಹೋಗಿ, ಕ್ಷಮೆ ಕೇಳಿ, ದೊಡ್ಡದನ್ನು ಹಾಕಿ ಬಂದರು.

"ಈ ವಯಸ್ನಾಗೆ ಇವರಿಗೆ ಇನ್ಯಾವ ಮರಿ ಬರತೈತೆ ಅಂತ ತಿಳ್ಕಂಡಿದ್ದೆ. ಅದನ್ನ ಹೇಳಾಕೆ ನಾನ್ಯಾರು? ಇನ್ನೊಂದು ಸಲ ಆ ತಪ್ಪು ಮಾಡಲ್ಲ."

ನನಗೆ ಐನೂರ ಹನ್ನೆರಡರದ್ದು ಹಾಕಿದರು. ಬಿಚ್ಚಿ ತೆಗೆದ ಹಳೆಯ ಹಾರ್ಡ್‌ಡಿಸ್ಕಿಗೆ ಹೊರಗಿನಿಂದ ಜೋಡಿಸುವ ಡಬ್ಬಿಯೊಂದನ್ನು ಕೊಟ್ಟು, ಆ ದನಿಗಳ ಇನ್ನೊಂದು ಪ್ರತಿ ಅದರಲ್ಲಿರಲಿ ಎಂದರು. ನಿಜ ಹೇಳಬೇಕೆಂದರೆ ನನಗೆ ಸಿಟ್ಟೇ ಬಂತು. ನನ್ನ ಅಂಗಡಿಯ ಆಯಸ್ಸು ನಿರ್ಧರಿಸಲು ಇವರ್ಯಾರು? ಆದರೆ ದಿನಾ ಬೆಳಿಗ್ಗೆ ಚಿಟಿಕೆ ಹೊಡೆಯುವುದರೊಳಗೆ ತೆರೆದುಕೊಳ್ಳುವ ಪರದೆಯ ಮೇಲೆ, ಡಿಸ್ಕಿನಲ್ಲಿ ಅಷ್ಟೊಂದು ಜಾಗ ಖಾಲಿ ಬಿದ್ದಿರುವುದನ್ನು ನೋಡಿ ನೋಡಿ ಸುಮ್ಮನಿರಲಾಗಲಿಲ್ಲ. ಮುಂದಿನ ತಿಂಗಳು ಸಿರಿಗೆರೆಯ ಕಡೆಯ ಅಜ್ಜಿಯೊಬ್ಬರನ್ನು ಎದುರಿಗೆ ಕೂರಿಸಿಕೊಂಡೆ, ಈ ಸಲ ವಿಡಿಯೊ ಸಮೇತ. ಎರಡು ವರ್ಷ ಕಳೆದದ್ದೂ ತಿಳಿಯಲಿಲ್ಲ.

ಕೊನೆಯ ಬಾರಿ ಅವರು ನನ್ನ ಅಂಗಡಿಗೆ ಬಂದದ್ದು ಚಿತ್ರದುರ್ಗದ ಆಸ್ಪತ್ರೆಯಿಂದ ಮರಳುವಾಗ. ನಾಲ್ಕು ಹೆಜ್ಜೆಗೆ ಏದುಸಿರು. ಕೂತು ನನ್ನ ಡಿಸ್ಕು ಎಷ್ಟು ತುಂಬಿದೆಯೆಂದು ತೋರಿಸಲು ಹೇಳಿ, ಅರ್ಧ ದಾಟಿದ್ದನ್ನು ಕಂಡು ಖುಷಿಪಟ್ಟರು. ಅಂಗಿಯ ಜೇಬಿನಲ್ಲಿ ಚಿಕ್ಕ ಪೆಟ್ಟಿಗೆಯಿತ್ತು. ತಮ್ಮ ಸ್ವಂತ ಕಂಪ್ಯೂಟರಿಗಂತೆ, ನೂರಿಪ್ಪತ್ತೆಂಟರದ್ದು. ನಾನು ನೋಡುತ್ತಿರುವುದನ್ನು ಗಮನಿಸಿ, "ಇರೋದಕ್ಕೆ ಇಷ್ಟು ಸಾಕು ಬಿಡ್ರಿ" ಎಂದರು.

ಕುಂತ್ಕಳ್ರಿ, ಎಣಿಸಾಣ ಎಂದು ಆಗ ನಾನು ಹೇಳಬೇಕಿತ್ತು. ಅದರ ಬದಲು ಚಹಾ ತರಿಸಿದೆ. ಅದಕ್ಕೆ ಇವತ್ತಿಗೂ ನನ್ನನ್ನು ನಾನು ಕ್ಷಮಿಸಿಲ್ಲ.

ಈಗ ಅವರಿಲ್ಲ. ಅವರ ಅಂಗಡಿಯಲ್ಲಿ ಬೇರೆ ಯಾರೋ ಮೊಬೈಲ್ ಕವರು ಮಾರುತ್ತಾರೆ. ಹೋದ ತಿಂಗಳು ನನ್ನ ಡಿಸ್ಕಿನಲ್ಲಿ ಕಾಲು ಭಾಗವಷ್ಟೇ ಖಾಲಿ ಉಳಿಯಿತು. ಚಿತ್ರದುರ್ಗಕ್ಕೆ ಹೋಗಿ ಒಂದು ಟಿಬಿಯದು ಕೇಳಿದೆ. ಕೌಂಟರಿನ ಹುಡುಗಿ ನನ್ನ ನರೆತ ತಲೆ ನೋಡಿ, ಅಷ್ಟು ದೊಡ್ಡದು ನಿಮಗೇಕೆ ಮೇಡಂ, ಚಿಕ್ಕದೇ ಸಾಕಲ್ಲವೇ ಎಂದು ಮೃದುವಾಗಿಯೇ ಕೇಳಿದಳು.

"ಇಲ್ಲಮ್ಮ," ಎಂದೆ, "ಇನ್ನೂ ಮರಿ ಬರೋವು ಅವೆ."