ಕೊನೆಯ ಸಲದ ನೀರು

ನನ್ನ ತಂಗಿ ಔಷಧಿ ಹುಡುಕುವ ಲ್ಯಾಬೊಂದರಲ್ಲಿ ಗಾಜಿನ ಬುಡ್ಡಿ ತೊಳೆಯುತ್ತಾಳೆ. ಹತ್ತೊಂಬತ್ತು ವರ್ಷವಾಯಿತು, ಅಲ್ಲಿ ಒಂದೂ ಒಡೆದಿಲ್ಲ. ಮನೆಯ ಲೋಟಗಳ ಮಾತು ಬೇರೆ.

ಅಲ್ಲಿನ ಮೇಡಂ ಕ್ಯಾನ್ಸರ್ ಮದ್ದನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಪಾಲಿಮರ್ ಕಣಗಳೊಳಗೆ ತುಂಬುತ್ತಾರೆ. ಕಣ ನೆಟ್ಟಗೆ ಗಡ್ಡೆಗೆ ಹೋಗಿ ಅಲ್ಲೇ ಮದ್ದು ಬಿಡಬೇಕು, ಮಿಕ್ಕ ಮೈ ಸುಡಬಾರದು. ಸರಿಯಾಗಿ ಬಂದರೆ ಅದು ನೀರು ಬೆರೆಸಿದ ಹಾಲಿನ ಹಾಗಿರುತ್ತದಂತೆ.

ಆ ಬುಧವಾರ ತಂಗಿ ಊಟಕ್ಕೆ ಕೂರಲಿಲ್ಲ. ಕಿಟಕಿ ತೆಗೆದಳು, ಹಾಕಿದಳು. ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದಳು.

"ಏನೇ, ಕಾಲಿಗೆ ಚಕ್ರ ಕಟ್ಕೊಂಡಿದ್ದೀಯ?"

"ಅಕ್ಕಾ, ಮೇಡಂ ಹೊಸ ವಿಧಾನದಲ್ಲಿ ಹೋದ ವಾರದಿಂದ ಮಾಡಿದ್ದು ಮೂರು ಸಲವೂ ಹಾಲು ಒಡೆದ ಹಾಗೆ ಒಡೆದುಹೋಯ್ತು. ತಳದಲ್ಲಿ ಬರೀ ಗಸಿ. ಹದಿನಾಲ್ಕು ತಿಂಗಳ ತಯಾರಿ, ವಿಧಾನವೇ ತಪ್ಪು, ನಾಳೆ ಕೈಬಿಡ್ತೀನಿ ಅಂದ್ರು."

"ಅದಕ್ಕೆ ನೀನ್ಯಾಕೆ ಒದ್ದಾಡ್ತೀಯ?"

ಆಗ ಬಾಯಿಬಿಟ್ಟಳು. ಬುಡ್ಡಿಯನ್ನು ನಲ್ಲಿ ನೀರಲ್ಲಿ ತೊಳೆದ ಮೇಲೆ ಮೂರು ಸಲ ಡಿಸ್ಟಿಲ್ ನೀರು, ಅಂದರೆ ಆವಿಯಿಂದ ಇಳಿಸಿದ ನೀರು, ಹಾಕಬೇಕು. ಯಂತ್ರ ಕೆಟ್ಟು ಎರಡು ವಾರದಿಂದ ಆ ನೀರಿಗೆ ಬರ. ಇರುವಷ್ಟು ಮೇಡಂ ಕೆಲಸಕ್ಕೇ ಇರಲಿ ಎಂದು ಇವಳು ಆ ಕೊನೆಯ ಸಲಕ್ಕೂ ನಲ್ಲಿ ನೀರನ್ನೇ ಹಾಕಿದ್ದಾಳೆ. ಉಳಿಸಿದೆ ಎಂದು ಒಳಗೊಳಗೇ ಹಿಗ್ಗಿದ್ದಾಳೆ ಕೂಡ.

"ಹೋಗಿ ಹೇಳು ಮತ್ತೆ."

"ಹೇಳಿದ್ರೆ ಮನೆಗೆ ಕಳಿಸ್ತಾರೆ. ದಿನವಿಡೀ ನಿನ್ನ ಮುಖ ನೋಡ್ಕೊಂಡು ಕೂರ್ಲಾ?"

"ನನ್ನ ಮುಖಕ್ಕೇನಾಗಿದೆ?"

ಅವಳು ನಗಲಿಲ್ಲ. ಬೆಳಗ್ಗೆ ಬಸ್ಸಿಗೂ ಕಾಯದೆ ನಡೆದೇ ಹೊರಟಳು. ಹಿಂದಿನಿಂದ ನಾನೂ, ಏದುಸಿರು ಬಿಡುತ್ತಾ.

ಮೇಡಂ ಕಾಗದಗಳನ್ನು ಕಟ್ಟಿ ಬೀರುವಿಗೆ ಹಾಕುತ್ತಿದ್ದರು. ತಂಗಿ ನಿಂತಲ್ಲೇ ಎಲ್ಲ ಹೇಳಿದಳು, ಒಂದು ಮಾತೂ ಬಿಡದೆ.

"ಇಷ್ಟು ವರ್ಷ ತೊಳೆದವಳಿಗೆ ಗೊತ್ತಾಗ್ಬೇಡ್ವೇನಮ್ಮಾ? ನಲ್ಲಿ ನೀರಲ್ಲಿ ಲವಣ ಇರುತ್ತೆ, ಕಣಗಳು ಒಂದಕ್ಕೊಂದು ಅಂಟ್ಕೊಳ್ತವೆ!" ಎಂದು ಗದರಿದರು. ಗದರುತ್ತಿದ್ದವರು ತಟ್ಟನೆ ಕುರ್ಚಿಗೆ ಕುಸಿದರು. "ಅಂದ್ರೆ ನನ್ನ ವಿಧಾನ ಸರಿಯಾಗೇ ಇರಬಹುದು."

ಪಕ್ಕದ ಕಟ್ಟಡದಿಂದ ಒಂದು ಕ್ಯಾನು ಡಿಸ್ಟಿಲ್ ನೀರು ಬಂತು. ತಂಗಿ ಒಂದು ಬುಡ್ಡಿ ತೊಳೆದಳು. ಮೇಡಂ ಮೊದಲಿಂದ ಮಾಡಿದರು. ಮಧ್ಯಾಹ್ನದ ತನಕ ಇವಳು ಕೂತಳು, ಎದ್ದಳು, ಬಾಗಿಲ ಗಾಜಿಗೆ ಮೂಗು ಒತ್ತಿದಳು. "ಗಾಜು ಸವೆದೀತು ಕಣೇ," ಎಂದೆ.

ಮೇಡಂ ಬುಡ್ಡಿಯನ್ನು ಬೆಳಕಿಗೆ ಹಿಡಿದುಕೊಂಡೇ ಹೊರಗೆ ಬಂದರು. ಒಳಗಿದ್ದದ್ದು ನೀರು ಬೆರೆಸಿದ ಹಾಲಿನ ಹಾಗೇ ಇತ್ತು. ತಳದಲ್ಲಿ ಏನೂ ಇಲ್ಲ. ಅದು ರೋಗಿಗಳ ಮೈ ಸೇರಲು ಇನ್ನೂ ಎಷ್ಟೋ ವರ್ಷ ಬೇಕಂತೆ. ಮೇಡಂ ಮುಖ ಇನ್ನೂ ಗಂಟಿಕ್ಕಿಯೇ ಇತ್ತು.

"ನಾಳೆಗೆ ಇಂಥ ಆರು ಬುಡ್ಡಿ ಬೇಕು," ಎಂದರು ತಂಗಿಗೆ. "ನಾನು ಪಕ್ಕದಲ್ಲೇ ನಿಂತಿರ್ತೀನಿ."