ಅತ್ತೆಯ ಮಂಡಿಗೊಂದು ಸೂಜಿ

ಜಪಾನಿನ ಕಾಶಿವಾ ಊರಿನ ಪ್ರಯೋಗಾಲಯದಲ್ಲಿ ಸ್ಟೆಮ್ ಸೆಲ್‌ಗಳನ್ನು ಬೆಳೆಸುವುದು ನನ್ನ ಕೆಲಸ. ಮಗ-ಸೊಸೆಯನ್ನು ನೋಡಲು ಮೈಸೂರಿನಿಂದ ನಮ್ಮಲ್ಲಿಗೆ ಬಂದಿದ್ದ ಅತ್ತೆಗೆ ಮಂಡಿನೋವು. ಸ್ಟೇಷನ್ ಪಕ್ಕದ ಕ್ಲಿನಿಕ್ಕಿನಲ್ಲಿ ಎಕ್ಸೋಸೋಮ್ ಸೂಜಿ ಹಾಕುತ್ತಾರೆಂದು ಯಾರೋ ಅವರ ಕಿವಿಗೆ ಹಾಕಿದ್ದರು. ಅದನ್ನು ಹಾಕಿಸಿಕೊಂಡೇ ಊರಿಗೆ ಹೋಗುವುದೆಂದು ಪಟ್ಟು ಹಿಡಿದರು.

"ಅದೇನು ಅಂತ ನೀನೇ ಹೇಳು," ಎಂದರು.

"ಬಸ್ಸಾರಿಗೆ ಸೊಪ್ಪು, ಬೇಳೆ ಬೇಯಿಸಿ ಕಟ್ಟು ಬಸೀತೀವಲ್ಲ ಅತ್ತೆ, ಹಾಗೆ. ಸೆಲ್‌ಗಳು ಬೆಳೆದ ನೀರಿಂದ ಅವು ಬಿಟ್ಟಿರೋ ಸಣ್ಣ ಸಣ್ಣ ಗುಳ್ಳೆಗಳನ್ನ ತೆಗೀತೀವಿ. ಪೆಟ್ಟಾದ ಜಾಗಕ್ಕೆ ರಿಪೇರಿ ಮಾಡ್ಕೋ ಅಂತ ಅವು ಸುದ್ದಿ ಒಯ್ತವೆ."

"ಸತ್ವ ಎಲ್ಲ ಕಟ್ಟಲ್ಲೇ ಇರೋದು. ಮತ್ತೆ ಹಾಕಿಸೋಕೇನು?"

"ಎಷ್ಟು ಕೊಡ್ಬೇಕು, ಆಮೇಲೆ ಏನಾಗತ್ತೆ, ಇನ್ನೂ ಗೊತ್ತಿಲ್ಲ. ಇಲಿಗಳ ಮಂಡೀಲಿ ನೋಡ್ತಿದ್ದೀವಿ."

"ಸ್ವಂತ ಮಗಳಾಗಿದ್ರೆ ಹಾಕಿಸ್ತಿದ್ಲು," ಎಂದು ಮುಖ ತಿರುಗಿಸಿದರು.

ಪ್ರಯೋಗದಲ್ಲಿ ಜೀವ ಕಳೆದುಕೊಂಡ ಪ್ರಾಣಿಗಳನ್ನು ಇಲ್ಲಿ ವರ್ಷಕ್ಕೊಮ್ಮೆ ಸ್ಮರಿಸುತ್ತಾರೆ. ಅದು ಆ ವಾರವೇ ಬಂತು. ಅತ್ತೆಯನ್ನೂ ಕರೆದೊಯ್ದೆ. ಪ್ರೊಫೆಸರರಿಂದ ಹಿಡಿದು ಎಲ್ಲರೂ ಸಾಲಾಗಿ ಬಂದು, ಸ್ಮಾರಕದ ಕಲ್ಲಿನ ಮುಂದೆ ಬಿಳಿ ಸೇವಂತಿಗೆ ಇಟ್ಟು ತಲೆಬಾಗಿದರು. ಅತ್ತೆಯೂ ಒಂದು ಹೂವಿಟ್ಟರು.

"ನಿನ್ನ ಇಲಿಗಳಿಗೂ ಸೇರಿತಾ ಇದು?"

"ಹೂಂ ಅತ್ತೆ."

"ಅವಕ್ಕೆ ವಾಸಿ ಆಗಿತ್ತಾ?"

"ಕೆಲವಕ್ಕೆ ಆಗಿತ್ತು. ಕೆಲವಕ್ಕೆ ಇಲ್ಲ."

ಅತ್ತೆ ತಾವಿಟ್ಟ ಹೂವನ್ನು ಕಲ್ಲಿಗೆ ಇನ್ನಷ್ಟು ಹತ್ತಿರ ಸರಿಸಿದರು. "ಹಾಗಾದ್ರೆ ಸರಿಯಾಗಿ ತಿಳ್ಕೊಂಡೇ ಕೊಡಿ. ನಾನು ಕಾಯ್ತೀನಿ," ಎಂದರು.

ಬಸ್ಸಿನವರೆಗೂ ನನ್ನ ತೋಳು ಹಿಡಿದು ನಡೆದರು. ಅಷ್ಟು ಭಾರ ಬಿಟ್ಟು ಅವರು ನನ್ನನ್ನು ಹಿಡಿದುಕೊಂಡದ್ದು ಅದೇ ಮೊದಲು.