ಮೂರನೆಯ ಕಾಫಿ

ತಂಬಾಕು ಕಾರ್ಖಾನೆಯಿಂದ ನಿವೃತ್ತಳಾದ ಮೇಲೆ ಜುಮ್ರಾ ತನ್ನ ಹಿಂದಿನ ಕೋಣೆಯನ್ನು ಬೆನ್ನುಚೀಲದ ಅಲೆಮಾರಿಗಳಿಗೆ ಬಾಡಿಗೆಗೆ ಬಿಟ್ಟಿದ್ದಳು. ಸರಾಯೆವೊದಲ್ಲಿ ಅದಕ್ಕಿಂತ ಅಗ್ಗದ ಹಾಸಿಗೆ ಬೇಕಿದ್ದರೆ ನದೀದಂಡೆಯ ಹಾಸುಗಲ್ಲೇ ಗತಿ. ಬಂದವರೆಲ್ಲ "ನಿಮ್ಮೂರು ತುಂಬಾ ಚೆಂದ, ತೆತ್ಕಾ" ಎನ್ನುವರು. ತೆತ್ಕಾ ಎಂದರೆ ಅತ್ತೆ. ಹಾಗೆ ನೆಂಟಸ್ತನ ಬೆಳೆಸಿ ಮರುದಿನವೇ ನಾಪತ್ತೆ. ಬೆನ್ನಿಗೆ ಚೀಲ ಏರಿಸಿದವರು ಬೆನ್ನು ತೋರಿಸುವುದೂ ಬೇಗ.

ಪೋಲೆಂಡಿನ ಹಾಂಕಾ ಹಾಗಲ್ಲ. ಟ್ರಾಮಿನ ಖರ್ಚು ಉಳಿಸಲು ಊರೆಲ್ಲ ನಡೆಯುವಳು. ಮಾಂಸ ತುಂಬಿ ಸುಟ್ಟ ಬುರೆಕ್ಕನ್ನು ಅರ್ಧ ತಿಂದು, ಉಳಿದರ್ಧವನ್ನು ಕಾಗದದಲ್ಲಿ ಸುತ್ತಿಟ್ಟುಕೊಳ್ಳುವಳು. ಕೇಳಿದರೆ ನಿಜವನ್ನೇ ಹೇಳುವಳು.

"ಊರು ಹೆಂಗನ್ನಿಸ್ತು ಮಗಳೇ?"

ಒದ್ದೆ ಕಾಲುಚೀಲವನ್ನು ಒಲೆಯ ಸರಳಿಗೆ ಒಣಹಾಕುತ್ತಾ ಹಾಂಕಾ ಯೋಚಿಸಿದಳು. "ಗೊತ್ತಾಗ್ತಿಲ್ಲ ತೆತ್ಕಾ. ಮಸೀದಿ ಬಾಂಗೂ ಚರ್ಚಿನ ಗಂಟೆನೂ ಒಟ್ಟಿಗೆ ಕೇಳಿ ಅಳು ಬಂತು. ಆಮೇಲೆ ಊರಿನ ಒಲೆಗಳ ಹೊಗೆ ಕುಡಿದು ಕೆಮ್ಮು ಬಂತು. ಈ ಮಂಜಲ್ಲಿ ಊರೇ ಕಾಣ್ಸಲ್ವಲ್ಲ!"

"ಊರು ಎಲ್ಲೂ ಹೋಗಿಲ್ಲ ಕಣೇ, ಸ್ನಾನಕ್ಕೆ ಇಳಿದಿದೆ. ಮೈ ಒರೆಸ್ಕೊಂಡು ಬರುತ್ತೆ, ತಡಿ."

ನಗೆಯಾಡಿದರೂ ಜುಮ್ರಾಳಿಗೆ ಚುಚ್ಚಿತು. ಯುದ್ಧದಲ್ಲಿ ವರ್ಷಗಟ್ಟಲೆ ನಡೆದ ಮುತ್ತಿಗೆಯ ದಿನಗಳಲ್ಲೂ ತಾನು ಬಿಟ್ಟುಹೋಗದ ಊರು ಇದು. ಇವಳ ಕಣ್ಣಿಗೆ ಬೀಳದೇ ಉಳಿಯುವುದೇ? ಮಂಜು ಕರಗುವ ತನಕ ಹುಡುಗಿ ಇದ್ದರೆ ಸಾಕಿತ್ತು. ಇರು ಎಂದು ಬಾಯಿಬಿಟ್ಟು ಕೇಳಲು ಮಾತ್ರ ಬಿಗುಮಾನ. ಬಾಡಿಗೆಯ ಆಸೆ ಅಂದುಕೊಂಡರೆ?

ಹಾಂಕಾ ಹೊರಡುವ ದಿನ ಬೆಳಿಗ್ಗೆ, ಕೂತವರಿಗೆಲ್ಲ ಕೊಡುವ ಊರ ಪದ್ಧತಿಯಂತೆ, ಮೊದಲು ಸ್ವಾಗತದ ಕಾಫಿ ಆಯಿತು. ಹರಟೆಯ ಕಾಫಿಯೂ ಆಯಿತು. ಕಿಟಕಿಯಾಚೆ ಬೆಟ್ಟಗಳು ಬೆಳ್ಳಗೆ ಹೊದ್ದು ಮಲಗಿದ್ದವು. ಅವುಗಳ ನಿದ್ದೆಯೊಳಗೆಲ್ಲೋ ಒಂದು ಟ್ರಾಮ್ ಕನವರಿಸಿತು. ಆ ಸದ್ದಿಗೆ ಕಿವಿಗೊಟ್ಟು ಮೈಮರೆತ ಜುಮ್ರಾ, ಹುಡುಗಿ ಇನ್ನೊಂದಿಷ್ಟು ಕೂರಲಿ ಎಂದು ತಾಮ್ರದ ಜೆಜ್ವಾವನ್ನು ಮತ್ತೆ ಒಲೆಗಿಟ್ಟು, ಕಾಫಿ ಉಕ್ಕಿಸಿ, ಬಟ್ಟಲು ತುಂಬಿಸಿದಳು.

ಹಾಂಕಾ ಬಟ್ಟಲನ್ನೇ ದಿಟ್ಟಿಸಿದಳು. ಗಟಗಟ ಕುಡಿದೆದ್ದು ಚೀಲ ಹೆಗಲಿಗೇರಿಸಿದಳು.

"ಅರ್ಥ ಆಯ್ತು ತೆತ್ಕಾ. ಮೂರನೇದು ತಂದ್ರೆ ಎದ್ದು ಹೊರಡು ಅಂತಂತೆ. ಪಕ್ಕದ್ಮನೆ ಮುನಿಬ್ ಮಾಮ ಹೇಳ್ಕೊಟ್ಟಿದ್ರು."

ಬಾಗಿಲು ಮುಚ್ಚಿಕೊಂಡಿತು.

ಸಿಕ್ತೆರುಶಾ! ಬೇರುಬಿಟ್ಟು ಕೂತ ನೆಂಟರನ್ನೆಲ್ಲ ಒಂದು ಮಾತೂ ಆಡದೆ ಎಬ್ಬಿಸುವ ಕಾಫಿ. ಜನ್ಮವಿಡೀ ಬೇಡದವರಿಗೆ ಕೊಟ್ಟದ್ದನ್ನು ಬೇಕಾದವಳಿಗೇ ಕೊಟ್ಟುಬಿಟ್ಟಿದ್ದಳು. ಜುಮ್ರಾ ಮನೆಚಪ್ಪಲಿಯಲ್ಲೇ, ಕೈಯಲ್ಲಿ ಜೆಜ್ವಾ ಹಿಡಿದೇ ಇಳಿಜಾರಿನ ಓಣಿಗೆ ಓಡಿದಳು. ಹುಡುಗಿ ಆಗಲೇ ಮಂಜಿನಲ್ಲಿ ಕರಗಿಹೋಗಿದ್ದಳು.

"ಹಾಂಕಾ! ಆ ಮುನಿಬನಿಗೆ ಲೆಕ್ಕ ಬರೋದೇ ಮೂರರ ತನಕ! ನಾಲ್ಕನೇದು ಇದೆ ಕಣೇ!"

ಕೆಳಗಿನ ಬಿಳುಪಿನೊಳಗೆ ಹೆಜ್ಜೆಗಳು ನಿಂತವು. "ನಾಲ್ಕನೇದಕ್ಕೆ ಏನರ್ಥ?"

ಅಂಥದ್ದೊಂದು ಕಾಫಿ ಜುಮ್ರಾಳ ತಾಯಿಗೂ ಗೊತ್ತಿರಲಿಲ್ಲ, ಅಜ್ಜಿಗೂ ಗೊತ್ತಿರಲಿಲ್ಲ.

"ಇರು ಅಂತ," ಎಂದಳು ಜುಮ್ರಾ. "ಬಾಡಿಗೆ ಬೇಡ. ಸುಮ್ನೆ ಇರು."

ಮೊದಲು ಒಂದು ಕೆಮ್ಮು ಮೇಲೇರಿ ಬಂತು, ಹಿಂದೆಯೇ ಚೀಲ, ಚೀಲದ ಮುಂದೆ ಹಾಂಕಾ. ಊರು ಇನ್ನೂ ಬಚ್ಚಲಿನಲ್ಲೇ ಇತ್ತು.